ಚುಕ್ಕೆ ಎಣಿಸಿ ಮೋಸ ಹೋಗಬೇಡಿ: ಬಣ್ಣ ಬದಲಿಸುವ ಗುಲಗಂಜಿ ಹುಳುಗಳ ಜಾತಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಹೇನು ಮುತ್ತಿದ ಒಂದೇ ಅಲಸಂದೆ ಸಾಲಿನಲ್ಲಿ ಕೆಂಪು, ಕಿತ್ತಳೆ, ತಿಳಿ ಹಳದಿ ಗುಲಗಂಜಿ ಹುಳುಗಳು ಒಟ್ಟಿಗೇ ಓಡಾಡುತ್ತವೆ. ಕೆಲವಕ್ಕೆ ಅಂಕುಡೊಂಕು ಗೆರೆ, ಕೆಲವಕ್ಕೆ ಬಿಡಿ ಚುಕ್ಕೆ, ಇನ್ನು ಕೆಲವಕ್ಕೆ ಬೆನ್ನ ನಡುವಿನ ಗೆರೆ ಬಿಟ್ಟರೆ ಏನೂ ಇಲ್ಲ. ಇಷ್ಟು ಬಗೆ ಕಂಡಿತೆಂದು ಇಷ್ಟೇ ಜಾತಿ ಎಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಸಲ ಅಲ್ಲಿರುವುದು ಎರಡೋ ಮೂರೋ ಜಾತಿ. ಉಳಿದದ್ದೆಲ್ಲ ಒಂದೇ ಜಾತಿಯ ಬೇರೆ ಬೇರೆ ವೇಷ. ಇದಕ್ಕೆ ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ: ಗೆರೆ ಇರುವವನ್ನೆಲ್ಲ ಒಂದೇ ಜಾತಿಗೆ ಸೇರಿಸಿಬಿಡುವುದು.

ಎರಡೂ ತಪ್ಪಿಗೆ ಕಾರಣ ಒಂದೇ. ಕಣ್ಣಿಗೆ ಮೊದಲು ಬೀಳುವ ರೆಕ್ಕೆಯ ಬಣ್ಣವನ್ನು ನಾವು ಮೊದಲು ಓದುತ್ತೇವೆ. ಅದನ್ನು ಓದಬೇಕಾದದ್ದು ಕೊನೆಗೆ. ಮೈಯ ಆಕಾರ, ರೋಮ, ಮುಖ, ಎದೆಫಲಕ, ಗುರುತುಗಳು ಕೂತ ಜಾಗ, ಆಮೇಲೆ ಬಣ್ಣ. ಈ ಕ್ರಮ ರೂಢಿಯಾದರೆ ನಮ್ಮ ಹೊಲ, ಕೈತೋಟಗಳಲ್ಲಿ ಸಿಗುವ ಸಾಮಾನ್ಯ ಜಾತಿಗಳನ್ನು ಕೈಮಸೂರದಷ್ಟೇ ಸಾಮಗ್ರಿಯಲ್ಲಿ ಬೇರ್ಪಡಿಸಬಹುದು. ಜಗತ್ತಿನಲ್ಲಿ ಗುಲಗಂಜಿ ಹುಳುಗಳ ಜಾತಿ ಸುಮಾರು 6,000. ಇಲ್ಲಿ ಹೇಳಿರುವುದು ಕರ್ನಾಟಕದ ಬಯಲು ಸೀಮೆ ಮತ್ತು ತೋಟಗಳಲ್ಲಿ ಕೈಗೆ ಸಿಗುವ ಬೆರಳೆಣಿಕೆಯವುಗಳ ಬಗ್ಗೆ. ಇಂಗ್ಲೆಂಡ್, ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿನ ಮೂರು ಜಾತಿಗಳ ವಿಚಾರ ಕೊನೆಯ ಕಡೆಗೆ ಇದೆ.

ಭಾಗಗಳ ಹೆಸರು

ನಾಲ್ಕು ಭಾಗ ಗೊತ್ತಿದ್ದರೆ ಸಾಕು. ಬೆನ್ನನ್ನು ಮುಚ್ಚಿದ ಎರಡು ಗಟ್ಟಿ ಹೊದಿಕೆಗಳು ಮುಂದಿನ ರೆಕ್ಕೆಗಳು. ಇವುಗಳನ್ನು ರೆಕ್ಕೆಕವಚ ಎನ್ನೋಣ. ಎರಡೂ ಕವಚ ನಡುಬೆನ್ನಿನಲ್ಲಿ ಕೂಡುವ ನೇರ ಗೆರೆ ಹೊಲಿಗೆರೇಖೆ. ಕವಚಕ್ಕೂ ತಲೆಗೂ ನಡುವೆ ಅಡ್ಡಲಾಗಿ ಕೂತ ಚಿಕ್ಕ ಫಲಕವೇ ಎದೆಫಲಕ. ಹೊಸಬರು ಇದನ್ನೇ ತಲೆ ಎಂದುಕೊಳ್ಳುತ್ತಾರೆ, ಅದರ ಮೇಲಿನ ಬಿಳಿ ಮಚ್ಚೆಗಳನ್ನು ಕಣ್ಣು ಎಂದುಕೊಳ್ಳುತ್ತಾರೆ. ನಿಜವಾದ ತಲೆ ಅದರ ಮುಂದೆ, ಹೆಚ್ಚುಕಡಿಮೆ ಒಳಗೆ ಸೇರಿಕೊಂಡು ಸಣ್ಣದಾಗಿರುತ್ತದೆ. ಎದೆಫಲಕದ ಹಿಂದೆ, ಎರಡು ಕವಚಗಳ ನಡುವಿನ ಪುಟ್ಟ ತ್ರಿಕೋನ ಗುರಾಣಿ.

ಬೇಕಾದ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಮುಚ್ಚಳವಿರುವ ಪಾರದರ್ಶಕ ಡಬ್ಬಿಗಳು, ಮಿಲಿಮೀಟರ್ ಗೆರೆಯಿರುವ ಅಳತೆಪಟ್ಟಿ, ಬಿಳಿ ಕಾಗದ, ಮೆತ್ತನೆಯ ಚಿತ್ರಕಲೆಯ ಕುಂಚ. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಅಳತೆಪಟ್ಟಿಯನ್ನು ಮಾತ್ರ ಮರೆಯಬೇಡಿ. 3 ಮಿ.ಮೀ. ಹುಳು ಮತ್ತು 7 ಮಿ.ಮೀ. ಹುಳು ಚಿತ್ರದಲ್ಲಿ ಒಂದೇ ಗಾತ್ರಕ್ಕೆ ಕಾಣುತ್ತವೆ, ಅಳತೆಯಿಲ್ಲದ ಚಿತ್ರ ಅರ್ಧ ಸಾಕ್ಷ್ಯ.

ಹಿಡಿದು ನಿಲ್ಲಿಸುವುದು

ಬೆರಳಲ್ಲಿ ಹಿಡಿದರೆ ಹುಳು ಕಾಲಿನ ಸಂದಿನಿಂದ ಹಳದಿ ದ್ರವ ಸುರಿಸುತ್ತದೆ. ವಾಸನೆ ಕೆಟ್ಟದ್ದು, ಕಲೆ ಅದಕ್ಕಿಂತ ಕೆಟ್ಟದ್ದು. ಮೇಲಾಗಿ ಆ ದ್ರವ ಹೊಟ್ಟೆಯ ಕಡೆ ಅಂಟಿಕೊಂಡು ಕಾಲಿನ ನಿಜ ಬಣ್ಣವನ್ನೇ ಮರೆಮಾಡುತ್ತದೆ. ಡಬ್ಬಿಯನ್ನು ಎಲೆಯ ಕೆಳಗೆ ಹಿಡಿದು ಕುಂಚದಿಂದ ಮೆಲ್ಲಗೆ ತಳ್ಳಿ. ಹೆಚ್ಚಿನವು ತಾವೇ ಕಾಲು ಮಡಚಿ ಬೀಳುತ್ತವೆ.

ಓಡಾಟ ನಿಲ್ಲಿಸಲು ಡಬ್ಬಿಯನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 5ರಿಂದ 10 ನಿಮಿಷ ಇಡಿ. ಫ್ರೀಜರ್ ಬೇಡ, ಸತ್ತೇಹೋಗುತ್ತದೆ. ಹೊರತೆಗೆದ ಮೇಲೆ ಒಂದೆರಡು ನಿಮಿಷ ಮಾತ್ರ ಸಮಯ ಸಿಗುತ್ತದೆ, ಕ್ಯಾಮೆರಾ ಮೊದಲೇ ಸಿದ್ಧವಿರಲಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಕಟ್ಟಿ ಹುಳು ಗೋಡೆಗೆ ಅಂಟಿಕೊಳ್ಳುತ್ತದೆ, ಒಂದು ತುಂಡು ಟಿಶ್ಯೂ ಹಾಕಿಡಿ.

ನಾಲ್ಕು ಚಿತ್ರ ಬೇಕು: ನೇರ ಮೇಲಿನಿಂದ, ಮುಂಭಾಗದಿಂದ ಮುಖ ಮತ್ತು ಎದೆಫಲಕ, ಪಕ್ಕದಿಂದ ಮೈಯ ಉಬ್ಬು, ಮಗುಚಿ ಹಾಕಿ ಹೊಟ್ಟೆ ಮತ್ತು ಕಾಲು. ಬಹುಮಂದಿ ಮೊದಲನೆಯದನ್ನಷ್ಟೇ ತೆಗೆದು ಬಿಟ್ಟುಬಿಡುತ್ತಾರೆ. ಸಂಶಯ ಬಂದಾಗ ಉತ್ತರ ಇರುವುದು ಎರಡನೆಯ ಮತ್ತು ನಾಲ್ಕನೆಯ ಚಿತ್ರದಲ್ಲಿ. ಫ್ಲ್ಯಾಶ್ ನೇರವಾಗಿ ಹೊಡೆದರೆ ನುಣುಪು ಕವಚದ ಮೇಲೆ ಬಿಳಿ ಹೊಳಪು ಬೀಳುತ್ತದೆ, ಆಮೇಲೆ ಅದನ್ನೇ ಬಿಳಿ ಚುಕ್ಕೆ ಎಂದು ಓದುವುದುಂಟು. ಫ್ಲ್ಯಾಶಿನ ಮುಂದೆ ಬಟರ್ ಪೇಪರ್ ಹಿಡಿಯಿರಿ. ಬೆಳಕಿನ ಕೋನ ಬದಲಿಸಿ ಎರಡು ಚಿತ್ರ ತೆಗೆದರೆ ಹೊಳಪು ಜಾಗ ಬದಲಿಸುತ್ತದೆ, ನಿಜವಾದ ಗುರುತು ಕದಲುವುದಿಲ್ಲ.

ಹಂತ 1: ಇದು ಗುಲಗಂಜಿ ಹುಳುವೇ?

ದುಂಡಗೆ, ಕೆಂಪಗೆ, ಚುಕ್ಕೆಯಿದ್ದದ್ದೆಲ್ಲ ಗುಲಗಂಜಿ ಹುಳುವಲ್ಲ. ಕುಡಿಮೀಸೆ ನೋಡಿ. ಗುಲಗಂಜಿ ಹುಳುವಿನದು ಗಿಡ್ಡ, ತುದಿಯಲ್ಲಿ ದಪ್ಪ. ಕುಂಬಳ, ಸೌತೆ ಬಳ್ಳಿಗಳ ಕೆಂಪು ಕುಂಬಳ ದುಂಬಿಗೆ ಉದ್ದ ದಾರದಂಥ ಮೀಸೆ ಇರುತ್ತದೆ, ಮೈಯೂ ನೀಳ. ಮಸೂರದಲ್ಲಿ ಪಾದ ಎಣಿಸಿ: ಗುಲಗಂಜಿ ಹುಳುವಿನ ಪಾದದಲ್ಲಿ ಮೂರು ಗಿಣ್ಣು ಕಾಣುತ್ತವೆ, ಎಲೆ ತಿನ್ನುವ ದುಂಬಿಗಳಲ್ಲಿ ನಾಲ್ಕು. ಗುಲಗಂಜಿ ಹುಳುವಿಗೂ ನಿಜದಲ್ಲಿ ನಾಲ್ಕು ಗಿಣ್ಣುಗಳಿವೆ, ಮೂರನೆಯದು ಎರಡನೆಯದರ ಹಾಲೆಯೊಳಗೆ ಅಡಗಿರುತ್ತದೆ. ಕವಚದ ಅಂಚು ಸುತ್ತಲೂ ಗಾಜಿನಂತೆ ಚಾಚಿಕೊಂಡಿದ್ದರೆ ಅದು ಆಮೆ ದುಂಬಿ. ಬೆನ್ನ ನಡುವೆ ಹೊಲಿಗೆರೇಖೆಯೇ ಇಲ್ಲದೆ ಒಂದೇ ಗುರಾಣಿ ಮುಚ್ಚಿದ್ದರೆ ಅದು ದುಂಬಿಯೇ ಅಲ್ಲ, ತಿಗಣೆ ಜಾತಿ.

ಹಂತ 2: ಹೊಳಪೋ ರೋಮವೋ

ಬೆಳಕಿಗೆ ಓರೆ ಹಿಡಿದು ನೋಡಿ. ಕವಚ ನುಣುಪಾಗಿ ಹೊಳೆಯುತ್ತದೆಯೇ, ಅಥವಾ ಸಣ್ಣ ರೋಮ ಹೊದ್ದು ಮಂಕಾಗಿದೆಯೇ? ಒಂದು ಸಲಕ್ಕೆ ಪಟ್ಟಿ ಇಬ್ಭಾಗವಾಗುತ್ತದೆ.

ಮಂಕು ಕೆಂಗಂದು ಮೈ, ಗಿಡ್ಡ ರೋಮ, ಮೈ ತುಂಬ ಕಪ್ಪು ಚುಕ್ಕೆ, 6–7 ಮಿ.ಮೀ. ಆಸುಪಾಸು, ಬದನೆ ಅಥವಾ ಆಲೂಗಡ್ಡೆ ಎಲೆಯ ಮೇಲೆ: ಇದು ಎಲೆ ಕೆರೆದು ತಿನ್ನುವ ಹೆನೋಸೆಪಿಲಾಕ್ನಾ. ಹೊಳಪಿನ ಮೈಯವು ಹೆಚ್ಚಾಗಿ ಹೇನು, ಶಲ್ಕ ಕೀಟ (ಗಿಡಕ್ಕೆ ಅಂಟಿಕೊಂಡು ರಸ ಹೀರುವ ಚಿಪ್ಪಿನಂಥ ಕೀಟ) ತಿನ್ನುವ ಉಪಕಾರಿಗಳು. ಆದರೆ ರೋಮ ಇದ್ದದ್ದೆಲ್ಲ ಪೀಡೆ ಎಂಬ ಸೂತ್ರ ಮಾಡಿಕೊಳ್ಳಬೇಡಿ. 4 ಮಿ.ಮೀ. ಸುತ್ತಲಿನ, ಕಪ್ಪು-ಕಂದು ಕವಚದ, ತಲೆ, ಎದೆಫಲಕ ಮತ್ತು ಕವಚದ ತುದಿ ಮಾತ್ರ ಕಿತ್ತಳೆಯಿರುವ ರೋಮದ ಹುಳು ಸಿಕ್ಕರೆ ಅದು ಕ್ರಿಪ್ಟೊಲೀಮಸ್ ಮಾಂಟ್ರೋಜಿಯೇರಿ. ಆಸ್ಟ್ರೇಲಿಯಾ ಮೂಲದ ಇದನ್ನು ಕಾಫಿಯ ಹಸಿರು ಶಲ್ಕ ಕೀಟದ ಹತೋಟಿಗೆಂದು 1898ರಲ್ಲಿ ಭಾರತಕ್ಕೆ ತಂದರು. ಈಗ ಅದು ಹೆಸರು ಮಾಡಿರುವುದು ಬಿಳಿ ಹಿಟ್ಟಿನಂಥ ಮೇಣ ಹೊದ್ದು ರಸ ಹೀರುವ ಹಿಟ್ಟು ತಿಗಣೆಯ ಬೇಟೆಗಾರನಾಗಿ. 2 ಮಿ.ಮೀ. ಆಸುಪಾಸಿನ ರೋಮದ ಕಂದು-ಕಪ್ಪು ಹುಳುಗಳು ಸ್ಕಿಮ್ನಸ್ ಗುಂಪಿನವು. ಅವನ್ನು ಮಸೂರದಲ್ಲಿ ಜಾತಿಮಟ್ಟಕ್ಕೆ ಇಳಿಸಲು ಹೋಗಬೇಡಿ, ಆಗದ ಕೆಲಸ.

ಹಂತ 3: ಮುಖ, ಎದೆಫಲಕ

ಇಲ್ಲಿ ನಿಧಾನಿಸಿ. ಕವಚದ ಗುರುತು ಎಷ್ಟೇ ಕುಣಿದರೂ ಎದೆಫಲಕದ ಚಿತ್ರ ಅಷ್ಟಾಗಿ ಬದಲಾಗುವುದಿಲ್ಲ. ಪೂರ್ತಿ ಸ್ಥಿರ ಅಲ್ಲ, ಕಪ್ಪು ಹಿಗ್ಗಬಹುದು ಕುಗ್ಗಬಹುದು. ಆದರೆ ಎಲ್ಲಿಂದ ಶುರುವಾಗಿ ಎತ್ತ ಹರಡುತ್ತದೆ ಎಂಬುದು ಜಾತಿಗೆ ತಕ್ಕ ಹಾಗೆ ಇರುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಕಪ್ಪು ಫಲಕದ ಮೇಲೆ ತಿಳಿ ಮಚ್ಚೆಯೇ, ತಿಳಿ ಫಲಕದ ಮೇಲೆ ಕಪ್ಪು ಗುರುತೇ? ಕಪ್ಪು ಫಲಕವಾದರೆ ತಿಳಿ ಬಣ್ಣ ಮುಂದಿನ ಎರಡು ಮೂಲೆಗಷ್ಟೇ ಸೀಮಿತವೋ, ಪಕ್ಕದ ಅಂಚಿನುದ್ದಕ್ಕೂ ಇಳಿದಿದೆಯೋ? ತಿಳಿ ಫಲಕವಾದರೆ ಕಪ್ಪು ಹಿಂದಿನ ಅಂಚಿಗೆ ಅಂಟಿದೆಯೋ, ಬಿಡಿ ಚುಕ್ಕೆಯಾಗಿ ನಿಂತಿದೆಯೋ? ಉತ್ತರವನ್ನು ಕವಚ ನೋಡುವ ಮೊದಲೇ ಬರೆದುಕೊಳ್ಳಿ. ಕವಚ ನೋಡಿ ಹೆಸರು ಊಹಿಸಿ ಆಮೇಲೆ ಫಲಕ ನೋಡಿದರೆ, ಊಹೆಗೆ ಹೊಂದುವಂತೆಯೇ ಫಲಕ ಕಾಣಿಸತೊಡಗುತ್ತದೆ.

ಹಂತ 4: ಗುರುತುಗಳ ಜಾಗ ಓದುವುದು

ಬಿಳಿ ಹಾಳೆಯಲ್ಲಿ ಒಂದೇ ಕವಚದ ಅರ್ಧವೃತ್ತ ಬಿಡಿಸಿ. ಅದನ್ನು ಮುಂದಿನ, ನಡುವಿನ, ಹಿಂದಿನ ಎಂದು ಮೂರು ಅಡ್ಡಪಟ್ಟಿಯಾಗಿಯೂ, ಹೊಲಿಗೆರೇಖೆಯ ಕಡೆ, ಹೊರಅಂಚಿನ ಕಡೆ ಎಂದು ಎರಡು ಉದ್ದಭಾಗವಾಗಿಯೂ ಸೀಳಿ. ಆರು ಮನೆಯಾಯಿತು. ಪ್ರತಿ ಗುರುತೂ ಯಾವ ಮನೆಯಲ್ಲಿದೆ ಎಂದು ಕಪ್ಪಾಗಿಸಿ. ಹೊಲಿಗೆರೇಖೆಯ ಮೇಲೆ ಕೂತ ಗುರುತು ಎರಡೂ ಕವಚಕ್ಕೆ ಹಂಚಿಹೋಗಿರುವುದರಿಂದ ಅದನ್ನು ಅರ್ಧ ಎಂದು ಬರೆಯಿರಿ. ಏಳು ಚುಕ್ಕೆಯ ಕಾಕ್ಸಿನೆಲ್ಲಾ ಸೆಪ್ಟೆಂಪಂಕ್ಟಾಟಾದಲ್ಲಿ ಪ್ರತಿ ಕವಚಕ್ಕೆ ಮೂರೂವರೆ. ಆ ಅರ್ಧ ಗುರಾಣಿಯ ಬುಡದಲ್ಲಿರುವ ಹಂಚಿದ ಚುಕ್ಕೆ.

ಚುಕ್ಕೆ ಎಣಿಸುವುದಕ್ಕಿಂತ ಇದು ಏಕೆ ಮೇಲು? ಕಪ್ಪು ಬಣ್ಣ ಮನಸ್ಸಿಗೆ ಬಂದಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಗೊತ್ತಾದ ಜಾಗಗಳಿವೆ, ಅಲ್ಲಿಂದ ಹಿಗ್ಗುತ್ತದೆ. ಎರಡು ಚುಕ್ಕೆ ಹಿಗ್ಗಿ ಕೂಡಿದರೆ ಗೆರೆ, ಗೆರೆಗಳು ಕೂಡಿದರೆ ಪಟ್ಟಿ, ಪಟ್ಟಿಗಳೂ ಕೂಡಿದರೆ ಕಪ್ಪು ಕವಚದಲ್ಲಿ ಅಲ್ಲಲ್ಲಿ ಉಳಿದ ತಿಳಿ ದ್ವೀಪ. ಎಣಿಕೆ ಆರರಿಂದ ಎರಡಕ್ಕೆ ಇಳಿದಂತೆ ಕಂಡರೂ ಜಾಗ ಮಾತ್ರ ಅದೇ. ತುಂಬ ಕಪ್ಪಾದ ಹುಳು ಸಿಕ್ಕಾಗ ಕಪ್ಪನ್ನು ಓದಬೇಡಿ, ಉಳಿದ ತಿಳಿ ದ್ವೀಪ ಯಾವ ಮನೆಯಲ್ಲಿದೆ ಎಂದು ಓದಿ.

ಇದರ ಹಿಂದಿನ ಕಾರಣ ಏಷ್ಯಾ ಮೂಲದ ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಜಾತಿಯಲ್ಲಿ ಚೆನ್ನಾಗಿ ಅರ್ಥವಾಗಿದೆ. ಅದರಲ್ಲಿ 200ಕ್ಕೂ ಹೆಚ್ಚು ಬಗೆಯ ಗುರುತುಗಳಿವೆ. ಚೀನಾದ ತಳಿವಿಜ್ಞಾನಿ ಟಾನ್ ಜಿಯಾಜೆನ್ 1946ರಲ್ಲಿ ತೋರಿಸಿದ ಪ್ರಕಾರ, ತಂದೆಯ ಕಡೆಯಿಂದ ಕಪ್ಪು ಬರಬೇಕಾದ ಜಾಗವೂ ತಾಯಿಯ ಕಡೆಯಿಂದ ಕಪ್ಪು ಬರಬೇಕಾದ ಜಾಗವೂ ಮರಿಯಲ್ಲಿ ಒಟ್ಟಿಗೆ ಕಪ್ಪಾಗುತ್ತವೆ. ಅಂದರೆ ಮರಿ ಹೆತ್ತವರಿಬ್ಬರಿಗಿಂತಲೂ ಕಪ್ಪಾಗಿರಬಹುದು. ಈ ರೂಪಗಳನ್ನು ನಿರ್ಧರಿಸುವುದು ಪ್ಯಾನಿಯರ್ ಎಂಬ ಜೀನ್ ಎಂದು 2018ರಲ್ಲಿ ಎರಡು ಬೇರೆ ಬೇರೆ ಸಂಶೋಧನಾ ತಂಡಗಳು ಕಂಡುಕೊಂಡವು. ಜೀನ್ ಜೊತೆಗೆ ಹವೆಯ ಪಾತ್ರವೂ ಇದೆ: ಚಳಿಯಲ್ಲಿ ಕೋಶ ಕಟ್ಟಿದ ಹುಳುವಿಗೆ ಚುಕ್ಕೆ ದೊಡ್ಡದಾಗುತ್ತದೆ, ಸೆಕೆಯಲ್ಲಿ ಕಿರಿದಾಗುತ್ತದೆ.

ಗೆರೆಯ ಜೋಡಿ: ಅತಿ ಹೆಚ್ಚು ಗೊಂದಲ ಇಲ್ಲೇ

ಕೈಲೋಮೆನೆಸ್ ಸೆಕ್ಸ್‌ಮ್ಯಾಕುಲೇಟಾ ಮತ್ತು ಕಾಕ್ಸಿನೆಲ್ಲಾ ಟ್ರಾನ್ಸ್‌ವರ್ಸಾಲಿಸ್. ಎರಡಕ್ಕೂ 1781ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ ಹೆಸರಿಟ್ಟದ್ದು, ಎರಡೂ ಅಲಸಂದೆ, ಅವರೆ, ಹತ್ತಿ, ಜೋಳ, ಮೆಕ್ಕೆಜೋಳಗಳ ಹೇನು ತಿನ್ನುತ್ತವೆ, ಎರಡಕ್ಕೂ ಬೆನ್ನ ನಡುವೆ ಕಪ್ಪು ಗೆರೆ, ಪಕ್ಕದಲ್ಲಿ ಅಂಕುಡೊಂಕು. ನಮ್ಮ ಹೊಲಗಳಲ್ಲಿ ಇವೆರಡನ್ನು ಬೇರೆ ಮಾಡಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಕೈಲೋಮೆನೆಸ್ ಕೊಂಚ ಚಿಕ್ಕದು, ಸಾಮಾನ್ಯವಾಗಿ 4–6 ಮಿ.ಮೀ., ಹೆಚ್ಚು ದುಂಡು. ಮುಖ ಹೆಚ್ಚಾಗಿ ತಿಳಿ ಹಳದಿ. ಎದೆಫಲಕದ ಹಿಂದಿನ ಅಂಚಿಗೆ ಕಪ್ಪು ಅಂಟಿಕೊಂಡಿದ್ದು, ಅದರ ನಡುವಿನಿಂದ ಒಂದು ಕಪ್ಪು ಪಟ್ಟಿ ಮುಂದಕ್ಕೆ ಚಾಚುತ್ತದೆ, ತಲೆಕೆಳಗಾದ ‘ಟಿ’ ಆಕಾರ. ಎರಡೂ ಪಕ್ಕ ಅಗಲವಾಗಿ ತಿಳಿ ಬಣ್ಣ ಉಳಿಯುತ್ತದೆ. ಕವಚದ ಮಾದರಿ ರೂಪದಲ್ಲಿ ಮುಂದೊಂದು ಅಂಕುಡೊಂಕು ಗೆರೆ, ನಡುವಿನಾಚೆ ಇನ್ನೊಂದು, ತುದಿಯ ಹತ್ತಿರ ಪ್ರತಿ ಕವಚಕ್ಕೊಂದು ಚುಕ್ಕೆ. ನೆಲದ ಬಣ್ಣ, ಅಂದರೆ ಗುರುತುಗಳ ಹಿಂದಿನ ಕವಚದ ಬಣ್ಣ, ತಿಳಿ ಹಳದಿಯಿಂದ ಗುಲಾಬಿ, ಕಿತ್ತಳೆ, ಕೆಂಪಿನವರೆಗೆ ಯಾವುದೂ ಆಗಬಹುದು.

ಟ್ರಾನ್ಸ್‌ವರ್ಸಾಲಿಸ್‌ನ ಮುಖ ಕಪ್ಪು, ಕಣ್ಣಿನ ಪಕ್ಕ ಪುಟ್ಟ ತಿಳಿ ಮಚ್ಚೆ. ಎದೆಫಲಕವೂ ಕಪ್ಪು, ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ಹಳದಿ-ಕಿತ್ತಳೆ ಮಚ್ಚೆ. ಕವಚ ಗಾಢ ಕಿತ್ತಳೆ ಅಥವಾ ಕೆಂಪು, ನಡುಗೆರೆ ದಪ್ಪ, ಪಕ್ಕದ ಗುರುತು ಮೂರು ಹಾಲೆಯಾಗಿ ಒಡೆದಂತೆ. ಮೈ ಸ್ವಲ್ಪ ನೀಳ ದೀರ್ಘವೃತ್ತ.

ಬೆನ್ನು ಎಷ್ಟೇ ಹೋಲಲಿ, ಮುಖ ಮತ್ತು ಎದೆಫಲಕ ಒಟ್ಟಿಗೆ ನೋಡಿದರೆ ಸಂಶಯ ಉಳಿಯುವುದು ಅಪರೂಪ. ತಿಳಿ ಮುಖ, ತಿಳಿ ಪಕ್ಕ ಎಂದರೆ ಕೈಲೋಮೆನೆಸ್. ಕಪ್ಪು ಮುಖ, ಮೂಲೆಯಲ್ಲಷ್ಟೇ ಮಚ್ಚೆ ಎಂದರೆ ಟ್ರಾನ್ಸ್‌ವರ್ಸಾಲಿಸ್. ಏಳು ಚುಕ್ಕೆಯದೂ ಕಪ್ಪು ಫಲಕದ್ದೇ, ಮೂಲೆ ಮಚ್ಚೆ ಬಿಳಿ. ಆದರೆ ಅದರ ಹೊಲಿಗೆರೇಖೆಯುದ್ದಕ್ಕೆ ಕಪ್ಪು ಗೆರೆ ಇಲ್ಲ, ಚುಕ್ಕೆಗಳು ಬಿಡಿಬಿಡಿ. ಅದು ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ಸಾಮಾನ್ಯ.

ಕೈಲೋಮೆನೆಸ್‌ನ ವೇಷಗಳು ಇನ್ನೂ ಇವೆ. ಅಂಕುಡೊಂಕು ಗೆರೆ ತುಂಡಾಗಿ ಬಿಡಿ ಚುಕ್ಕೆಯಾಗಬಹುದು. ಗೆರೆ ಸವೆದು ನಡುಗೆರೆ ಮಾತ್ರ ಉಳಿಯಬಹುದು. ಗೆರೆ ದಪ್ಪಗಾಗಿ ಒಂದಕ್ಕೊಂದು ಕೂಡಬಹುದು. ಜಪಾನಿನಲ್ಲಿ ಬಹುಪಾಲು ಕಪ್ಪಾದ ರೂಪವೂ ಸಿಗುತ್ತದೆ. ವೈಜ್ಞಾನಿಕ ಹೆಸರಿನಲ್ಲಿ ಆರು ಚುಕ್ಕೆಯಿದೆಯೆಂದು ಆರು ಹುಡುಕುತ್ತ ಕೂರಬೇಡಿ. ಹಳೆಯ ಪುಸ್ತಕಗಳಲ್ಲಿ ಇದೇ ಹುಳು ಮೆನೋಕೈಲಸ್ ಎಂಬ ಹೆಸರಲ್ಲಿದೆ. ಎರಡು ಹೆಸರು ಕಂಡು ಎರಡು ಜಾತಿ ಎಂದುಕೊಳ್ಳುವವರೂ ಇದ್ದಾರೆ. ಹೊಸಬರಿಗೆ ಎಕ್ಕದ ಗಿಡ ಒಳ್ಳೆಯ ಪಾಠಶಾಲೆ. ಅದರ ಕುಡಿಗೆ ಮುತ್ತುವ ಹಳದಿ ಹೇನಿನ ನಡುವೆ ಇವು ಸಲೀಸಾಗಿ ಸಿಗುತ್ತವೆ, ಔಷಧಿ ಹೊಡೆದ ಭಯವೂ ಇಲ್ಲ.

ಗುರುತೇ ಇಲ್ಲದವು

ಚುಕ್ಕೆ, ಗೆರೆ ಇಲ್ಲದ ಅಥವಾ ನಡುಗೆರೆಯಷ್ಟೇ ಇರುವ ಹುಳು ಸಿಕ್ಕಾಗ ಮೊದಲು ಸುತ್ತಮುತ್ತ ಖಾಲಿ ಕೋಶ ಇದೆಯೇ ನೋಡಿ. ಈಗಷ್ಟೇ ಕೋಶದಿಂದ ಹೊರಬಂದ ಗುಲಗಂಜಿ ಹುಳು ಯಾವ ಜಾತಿಯದೇ ಇರಲಿ, ಮೆತ್ತಗೆ, ತಿಳಿ ಹಳದಿಯಾಗಿ, ಗುರುತಿಲ್ಲದೆ ಇರುತ್ತದೆ. ಕೆಲವು ಗಂಟೆಗಳಲ್ಲಿ ಕಪ್ಪು ಮೂಡುತ್ತದೆ, ಆದರೆ ನೆಲದ ಬಣ್ಣ ಪೂರ್ತಿ ಕೆಂಪೇರಲು ದಿನಗಳೋ ವಾರಗಳೋ ಬೇಕು. ಹಾಗಾಗಿ ಹಳದಿ ಹುಳು ಎಳೆಯದು, ಕೆಂಪು ಹುಳು ವಯಸ್ಸಾದದ್ದು ಎಂಬುದಷ್ಟೇ ಎಷ್ಟೋ ಸಲ ವ್ಯತ್ಯಾಸ. ಸಂಶಯವಿದ್ದರೆ ಡಬ್ಬಿಯಲ್ಲಿ ಒಂದು ದಿನ ಇಟ್ಟು ಮತ್ತೆ ನೋಡಿ.

ಮೈ ಗಟ್ಟಿಯಾಗಿದ್ದೂ ಗುರುತಿಲ್ಲದಿದ್ದರೆ ಸಾಧ್ಯತೆಗಳು ಕೆಲವೇ. ಭತ್ತದ ಗದ್ದೆಯಲ್ಲಿ, ಸುಮಾರು 4 ಮಿ.ಮೀ., ದುಂಡು, ಕಿತ್ತಳೆ-ಕೆಂಪು, ಹೊಲಿಗೆರೇಖೆ ಕಪ್ಪು, ತಿಳಿ ಎದೆಫಲಕದ ಮೇಲೆ ಕಪ್ಪು ಚುಕ್ಕೆಗಳು: ಮೈಕ್ರಾಸ್ಪಿಸ್ ಡಿಸ್ಕಲರ್. ಇದು ಹೇನು, ಜಿಗಿಹುಳುವಿನ ಜೊತೆಗೆ ಭತ್ತದ ಪರಾಗವನ್ನೂ ತಿನ್ನುತ್ತದೆ, ಹೂಬಿಟ್ಟ ತೆನೆಯ ಮೇಲೆ ಕಂಡರೆ ಪೀಡೆ ಎಂದು ಗಾಬರಿಯಾಗಬೇಕಿಲ್ಲ. ನಡುಗೆರೆಯ ಜೊತೆಗೆ ಪ್ರತಿ ಕವಚದ ಮೇಲೂ ಒಂದೊಂದು ಉದ್ದ ಗೆರೆ ಇದ್ದು ಒಟ್ಟು ಮೂರಾದರೆ, ಗಾತ್ರವೂ 3–4 ಮಿ.ಮೀ. ಇದ್ದರೆ, ಅದು ಬ್ರುಮಾಯ್ಡಿಸ್ ಸ್ಯೂಚರಾಲಿಸ್. ಹತ್ತಿ, ದಾಸವಾಳದ ಹಿಟ್ಟು ತಿಗಣೆಯ ನಡುವೆ ಹುಡುಕಿ.

ನಿಂಬೆ ಹಳದಿ ಕವಚ, ಒಂದೂ ಗುರುತಿಲ್ಲ, ಬೆಳ್ಳಗಿನ ಎದೆಫಲಕದ ಮೇಲೆ ಎರಡು ಕಪ್ಪು ಚುಕ್ಕೆ, ಮುಟ್ಟಹೋದರೆ ಸರ್ರನೆ ಓಡುವುದು: ಇಲೆಯಿಸ್ ಕುಲ. ಇದು ಹೇನು ತಿನ್ನುವುದೇ ಇಲ್ಲ. ಹಿಪ್ಪುನೇರಳೆ, ಕುಂಬಳ ಜಾತಿಯ ಎಲೆಗಳ ಬೂದಿ ರೋಗದ ಶಿಲೀಂಧ್ರವೇ ಇದರ ಊಟ. ಇದರ ಎದೆಫಲಕ ಎಷ್ಟು ತೆಳು ಎಂದರೆ ತಲೆ ಒಳಗೆಳೆದುಕೊಂಡಾಗ ಕಣ್ಣುಗಳೂ ಫಲಕದ ಮೂಲಕ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಎರಡು ಚುಕ್ಕೆಯ ಹುಳು ಫೋಟೋದಲ್ಲಿ ನಾಲ್ಕು ಚುಕ್ಕೆಯದಾಗುವುದು ಹೀಗೆ. ಭಾರತದಲ್ಲಿ ಇಲೆಯಿಸ್‌ನ ಒಂದಕ್ಕಿಂತ ಹೆಚ್ಚು ಜಾತಿಗಳಿವೆ, ಹೊರಗಿನಿಂದ ಬೇರ್ಪಡಿಸುವುದು ಕಷ್ಟ. ಇಲೆಯಿಸ್ ಎಂದಷ್ಟೇ ಬರೆದು ನಿಲ್ಲಿಸಿ.

ಹಾರ್ಮೋನಿಯಾ ಆಕ್ಟೋಮ್ಯಾಕುಲೇಟಾ ಇಲ್ಲೂ ತಲೆ ಹಾಕುತ್ತದೆ. ಅದರ ಕಿತ್ತಳೆ-ಹಳದಿ ಕವಚದಲ್ಲಿ ಚುಕ್ಕೆಗಳು ಅಡ್ಡಸಾಲಾಗಿರಬಹುದು, ಕೂಡಿ ಅಡ್ಡಪಟ್ಟಿಯಾಗಿರಬಹುದು, ಪೂರ್ತಿ ಮಾಯವಾಗಿರಲೂಬಹುದು. ಮೈಕ್ರಾಸ್ಪಿಸ್‌ಗಿಂತ ಸ್ಪಷ್ಟವಾಗಿ ದೊಡ್ಡದು. ಅಳತೆಪಟ್ಟಿ ಕೆಲಸಕ್ಕೆ ಬರುವುದು ಇಂಥಲ್ಲೇ. ಫೋನಿನ ಆಪ್‌ಗಳು ಇದನ್ನು ಹಾರ್ಮೋನಿಯಾ ಆಕ್ಸಿರಿಡಿಸ್ ಎಂದು ಹೇಳಿಬಿಡುವ ಸಾಧ್ಯತೆ ಇದೆ. ಆಪ್ ಕೊಟ್ಟ ಹೆಸರನ್ನು ಸುಳಿವೆಂದು ಇಟ್ಟುಕೊಳ್ಳಿ, ತೀರ್ಪೆಂದು ಅಲ್ಲ.

ಕಪ್ಪು ಹುಳುಗಳು

ಹೊಳೆಯುವ ಕಪ್ಪು, ಹೆಲ್ಮೆಟ್‌ನಂತೆ ಎತ್ತರದ ಉಬ್ಬು, ತಲೆ ಮತ್ತು ಎದೆಫಲಕದ ಪಕ್ಕಗಳು ಕಿತ್ತಳೆ-ಹಳದಿ: ತೆಂಗು, ಕಬ್ಬು, ನಿಂಬೆ ಜಾತಿಗಳ ಶಲ್ಕ ಕೀಟ ತಿನ್ನುವ ಕೈಲೋಕೋರಸ್ ನೈಗ್ರಿಟಾ. ಇದನ್ನು ಬೇರೆ ಜಾತಿಯ ಕಪ್ಪಾದ ರೂಪದಿಂದ ಬೇರ್ಪಡಿಸಲು ಮುಖವನ್ನು ಮುಂದಿನಿಂದ ನೋಡಿ. ಕೈಲೋಕೋರಸ್‌ನಲ್ಲಿ ಮುಖದ ಮುಂದಿನ ಫಲಕ ಕಣ್ಣಿನ ಅಡಿಗೂ ಹಬ್ಬಿ ಕುಡಿಮೀಸೆಯ ಬುಡವನ್ನು ಮುಚ್ಚುತ್ತದೆ. ಕೈಲೋಮೆನೆಸ್‌ನಲ್ಲಿ ಬುಡ ತೆರೆದಿರುತ್ತದೆ. ಕಪ್ಪಿನಲ್ಲಿ ಲೋಹದಂಥ ನೀಲಿ ಮಿಂಚಿದ್ದು ಎದೆಫಲಕದ ಪಕ್ಕ ಕಿತ್ತಳೆಯಾದರೆ ಕ್ಯೂರಿನಸ್ ಸೆರೂಲಿಯಸ್. ಸುಬಾಬುಲ್ ಮರದ ರಸ ಹೀರುವ ಸಿಲ್ಲಿಡ್ ಎಂಬ ಸಣ್ಣ ಕೀಟದ ಹತೋಟಿಗಾಗಿ 1988ರಲ್ಲಿ ಥಾಯ್ಲೆಂಡಿನಿಂದ ತರಿಸಿದ್ದು.

ಬದನೆಯ ಹುಳು: 12 ಚುಕ್ಕೆಯೋ 28 ಚುಕ್ಕೆಯೋ

ಕೃಷಿ ಪಠ್ಯಗಳು ಬಹುಕಾಲ ಹೇಳಿಕೊಟ್ಟ ಪಾಠ ಇದು: ಪ್ರತಿ ಕವಚಕ್ಕೆ 14 ಚುಕ್ಕೆಯಿದ್ದರೆ ಒಂದು ಜಾತಿ, 6 ಇದ್ದರೆ ಇನ್ನೊಂದು. ಹೊಲದಲ್ಲಿ ನೋಡಿದರೆ 7, 9, 11 ಇರುವವೂ ಸಿಗುತ್ತವೆ, ಎಡ-ಬಲ ಎಣಿಕೆ ಹೊಂದದವೂ ಸಿಗುತ್ತವೆ. ಹೆನೋಸೆಪಿಲಾಕ್ನಾ ವಿಜಿಂಟಿಆಕ್ಟೋಪಂಕ್ಟಾಟಾದಲ್ಲಿ ಪ್ರತಿ ಕವಚದ 6 ಚುಕ್ಕೆ ಖಾಯಂ, ಉಳಿದ 8 ಇದ್ದರೂ ಇಲ್ಲದಿದ್ದರೂ ನಡೆಯುವಂಥವು. ಹಾಗಾಗಿ ಒಟ್ಟು 12ರಿಂದ 28ರವರೆಗೆ ಯಾವ ಸಂಖ್ಯೆಯೂ ಬರಬಹುದು. ದೊಡ್ಡದಾಗಿ, ಗಾಢವಾಗಿ ಕಾಣುವ ಆರನ್ನು ಮೊದಲು ಗುರುತಿಸಿ, ನಡುವೆ ಸಣ್ಣದಾಗಿ ಬಂದವನ್ನು ಹೆಚ್ಚುವರಿ ಎಂದು ಬೇರೆ ಬರೆಯಿರಿ.

ಈ ಕುಲದ ಹತ್ತಿರದ ಜಾತಿಗಳನ್ನು ಖಚಿತವಾಗಿ ಬೇರ್ಪಡಿಸಲು ಗಂಡಿನ ಜನನಾಂಗ ನೋಡಲೇಬೇಕು. ರೈತನಿಗೆ ಅಷ್ಟು ಬೇಕಿಲ್ಲ. ರೋಮದ ಮಂಕು ಮೈ, ನರಗಳನ್ನು ಬಿಟ್ಟು ಹಸಿರು ಕೆರೆದು ಜಾಲರಿಯಾದ ಎಲೆ, ಎಲೆಯ ಅಡಿಯಲ್ಲಿ ಕವಲೊಡೆದ ಮುಳ್ಳಿನ ಹಳದಿ ಮರಿಹುಳು, ಈ ಮೂರೂ ಕೂಡಿದರೆ ಪೀಡೆ ಎಂಬ ತೀರ್ಮಾನಕ್ಕೆ ಸಾಕು. ಬದನೆ ಗಿಡದಲ್ಲಿ ಕಂಡಿತೆಂಬ ಒಂದೇ ಕಾರಣಕ್ಕೆ ಪೀಡೆ ಎನ್ನಬೇಡಿ. ಅದೇ ಗಿಡದ ಹೇನಿಗೆ ಕೈಲೋಮೆನೆಸ್ ಕೂಡ ಬಂದಿರುತ್ತದೆ, ಅದು ಹೊಳಪಿನದು.

ಮರಿಹುಳು ಸಾಕಿ ನೋಡುವುದು

ಎರಡು ರೂಪ ಒಂದೇ ಜಾತಿಯೇ ಎಂಬುದಕ್ಕೆ ಮನೆಯಲ್ಲೇ ಪಡೆಯಬಹುದಾದ ಒಳ್ಳೆಯ ಸಾಕ್ಷ್ಯ ಒಂದೇ ತಾಯಿಯ ಮರಿಗಳು. ಎರಡು ಬೇರೆ ರೂಪದ ಹುಳುಗಳು ಕೂಡುವುದನ್ನು ಕಂಡೆ, ಆದ್ದರಿಂದ ಒಂದೇ ಜಾತಿ ಎಂಬ ವಾದ ಅಷ್ಟು ಗಟ್ಟಿಯಲ್ಲ. ಹೇನಿನ ಗುಂಪಲ್ಲಿ ಗಂಡು ಬೇರೆ ಜಾತಿಯ ಬೆನ್ನೇರುವುದೂ ಉಂಟು.

ಒಂದು ಹೆಣ್ಣನ್ನು ಹೇನಿರುವ ಅಲಸಂದೆ ಕುಡಿಯೊಂದಿಗೆ ಡಬ್ಬಿಯಲ್ಲಿಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹಳದಿ ಮೊಟ್ಟೆಗಳನ್ನು ಗುಂಪಾಗಿ, ನೆಟ್ಟಗೆ ನಿಲ್ಲಿಸಿ ಇಡುತ್ತದೆ. ಇಟ್ಟ ಕೂಡಲೇ ತಾಯಿಯನ್ನು ಬೇರೆ ಮಾಡಿ, ಹಸಿದರೆ ತನ್ನ ಮೊಟ್ಟೆಯನ್ನೇ ತಿನ್ನುತ್ತದೆ. ನಮ್ಮ ಸಾಮಾನ್ಯ ಹವೆಯಲ್ಲಿ, 25–28 ಡಿಗ್ರಿಯಲ್ಲಿ, ಮೊಟ್ಟೆ ಒಡೆಯಲು 2–4 ದಿನ, ಮರಿಹುಳು ನಾಲ್ಕು ಹಂತ ದಾಟಲು ಒಂದು ವಾರದಿಂದ ಹತ್ತು ದಿನ, ಕೋಶದಲ್ಲಿ 3–4 ದಿನ. ಎರಡನೆಯ ದಿನದಿಂದಲೇ ಮರಿಗಳನ್ನು ಒಂದೊಂದು ಡಬ್ಬಿಗೆ ಹಂಚಿ. ಹಂಚದಿದ್ದರೆ ಒಂದನ್ನೊಂದು ತಿಂದು ಕೊನೆಗೆ ಎರಡು ಮೂರು ಉಳಿಯುತ್ತವೆ. ಹೇನು ದಿನವೂ ತಾಜಾ ಬೇಕು. ಮಾರುಕಟ್ಟೆಯಿಂದ ತಂದ ಸೊಪ್ಪಿನ ಹೇನು ಹಾಕಿದರೆ ಕೀಟನಾಶಕದ ಉಳಿಕೆಯಿಂದ ಎಲ್ಲ ಸಾಯಬಹುದು, ಎಕ್ಕವೋ ಔಷಧಿ ಹೊಡೆಯದ ಹಿತ್ತಲ ಗಿಡವೋ ಆಗಲಿ. ಹೊರಬಂದ ಪ್ರೌಢ ಹುಳುವನ್ನು ಕನಿಷ್ಠ ಒಂದು ದಿನ ಬಿಟ್ಟು ಚಿತ್ರ ತೆಗೆಯಿರಿ.

ಮರಿಹುಳುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮೈ ತುಂಬ ಬಿಳಿ ಮೇಣದ ಎಳೆ ಹೊದ್ದ ಕ್ರಿಪ್ಟೊಲೀಮಸ್ ಮರಿ ನೋಡಲು ಹಿಟ್ಟು ತಿಗಣೆಯ ಹಾಗೆಯೇ ಇರುತ್ತದೆ. ದ್ರಾಕ್ಷಿ, ಸೀತಾಫಲ, ಕಾಫಿ ತೋಟಗಳಲ್ಲಿ ಬಿಡುಗಡೆ ಮಾಡಿದ ಮೇಲೆ ತಿಗಣೆ ಇನ್ನೂ ದೊಡ್ಡದಾಗಿದೆ ಎಂದು ಔಷಧಿ ಹೊಡೆದು ಕೊಂದುಬಿಡುವುದು ಇದರಿಂದಲೇ. ಕುಂಚದಿಂದ ಮುಟ್ಟಿ: ಚುರುಕಾಗಿ ನಡೆದರೆ ಗುಲಗಂಜಿ ಮರಿ, ಕದಲದಿದ್ದರೆ ಅಥವಾ ತೀರ ನಿಧಾನವಾದರೆ ತಿಗಣೆ.

ಇಂಗ್ಲೆಂಡ್, ಅಮೆರಿಕದಲ್ಲಿರುವವರಿಗೆ

ಅಲ್ಲಿ ಚಳಿಗಾಲಕ್ಕೆ ಕಿಟಕಿಯ ಸಂದಿಯಲ್ಲಿ ಗುಂಪುಗಟ್ಟುವುದು ಹೆಚ್ಚಾಗಿ ಹಾರ್ಮೋನಿಯಾ ಆಕ್ಸಿರಿಡಿಸ್. ಅಮೆರಿಕದಲ್ಲಿ 1988ರಲ್ಲಿ ಲೂಸಿಯಾನಾದಲ್ಲಿ ನೆಲೆಯೂರಿದ್ದು ಗೊತ್ತಾಯಿತು, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 2004ರಲ್ಲಿ ಕಂಡಿತು. ಇಂಗ್ಲೆಂಡಿನಲ್ಲಿ ಮುಖ್ಯವಾಗಿ ಮೂರು ರೂಪ: ಕಿತ್ತಳೆ ಮೈಯಲ್ಲಿ ಸೊನ್ನೆಯಿಂದ 21ರವರೆಗೆ ಕಪ್ಪು ಚುಕ್ಕೆ, ಕಪ್ಪು ಮೈಯಲ್ಲಿ ನಾಲ್ಕು ಕೆಂಪು ಮಚ್ಚೆ, ಕಪ್ಪು ಮೈಯಲ್ಲಿ ಎರಡು ಕೆಂಪು ಮಚ್ಚೆ.

ಇದರ ಕಪ್ಪು ರೂಪಗಳನ್ನು ಅಲ್ಲಿನ ಎರಡು ಚುಕ್ಕೆಯ ಅಡಾಲಿಯಾ ಬೈಪಂಕ್ಟಾಟಾದ ಕಪ್ಪು ರೂಪಗಳೊಂದಿಗೆ ಬೆರೆಸುವುದು ಸಾಮಾನ್ಯ. ಹೊಟ್ಟೆ ಮೇಲಾಗಿಸಿ ಕಾಲು ನೋಡಿ. ಅಡಾಲಿಯಾ ಬೈಪಂಕ್ಟಾಟಾಕ್ಕೆ ಕಾಲೂ ಹೊಟ್ಟೆಯೂ ಕಪ್ಪು, ಗಾತ್ರ 4–5 ಮಿ.ಮೀ. ಹಾರ್ಮೋನಿಯಾಕ್ಕೆ ಕಾಲು ಸಾಮಾನ್ಯವಾಗಿ ಕಂದು, ಹೊಟ್ಟೆಯ ಅಂಚು ಕೆಂಗಂದು, ಗಾತ್ರ 5–8 ಮಿ.ಮೀ., ಕವಚದ ತುದಿಗೆ ಸ್ವಲ್ಪ ಮುಂಚೆ ಹೆಚ್ಚಿನವುಗಳಲ್ಲಿ ಅಡ್ಡ ಮಡಿಕೆಯೊಂದು ಉಬ್ಬಿರುತ್ತದೆ. ಪಕ್ಕದಿಂದ ಬೆಳಕು ಬಿಟ್ಟರೆ ಈ ಮಡಿಕೆ ಎದ್ದು ಕಾಣುತ್ತದೆ. ಹತ್ತು ಚುಕ್ಕೆಯ ಅಡಾಲಿಯಾ ಡೆಸೆಂಪಂಕ್ಟಾಟಾ ಇನ್ನೂ ಚಿಕ್ಕದು, 3.5–4.5 ಮಿ.ಮೀ.; ಚುಕ್ಕೆಯ ರೂಪ, ಚೌಕಳಿಯ ರೂಪ, ಹೆಗಲಲ್ಲಿ ಮಾತ್ರ ಕೆಂಪಿರುವ ಕಪ್ಪು ರೂಪ ಎಂದು ಅದಕ್ಕೂ ಮೂರು ವೇಷ. ಕಾಲು ಕಂದು-ಕಿತ್ತಳೆ. ಕಾಲಿನ ಬಣ್ಣ ಮತ್ತು ಗಾತ್ರ ಒಟ್ಟಿಗೆ ಬರೆದರೆ ಈ ಮೂರೂ ಬೇರಾಗುತ್ತವೆ.

ಮಾದರಿ ಇಡುವುದು, ಕಳಿಸುವುದು

ಬಣ್ಣದ ಚಿತ್ರ ಜೀವಂತವಿದ್ದಾಗಲೇ ತೆಗೆಯಬೇಕು. ಕೆಂಪು, ಕಿತ್ತಳೆ, ಹಳದಿ ಬಣ್ಣಗಳು ಸತ್ತ ಮೇಲೆ ಮಾಸುತ್ತವೆ, ಒಣಗಿಸಿದರೆ ಕಂದಾಗುತ್ತವೆ, ಆಲ್ಕೋಹಾಲಿನಲ್ಲಿ ಇನ್ನೂ ಬೇಗ ತೊಳೆದುಹೋಗುತ್ತವೆ. ಕಪ್ಪು ಮಾತ್ರ ಉಳಿಯುತ್ತದೆ. ಸಂಗ್ರಹದ ಹಳೆಯ ಮಾದರಿಯ ಬಣ್ಣಕ್ಕೆ ಹೊಲದ ಹುಳುವನ್ನು ಹೋಲಿಸುವುದು ವ್ಯರ್ಥ.

ಜನನಾಂಗ ಪರೀಕ್ಷೆ ಬೇಕಾದವನ್ನು 70 ಶೇಕಡಾ ಆಲ್ಕೋಹಾಲಿನಲ್ಲಿಟ್ಟು ತಜ್ಞರಿಗೆ ಕಳಿಸಬಹುದು. ಅವರು ಹೊಟ್ಟೆಯ ಭಾಗವನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮೆತ್ತಗಾಗಿಸಿ, ಬಿಡಿಸಿ ನೋಡುತ್ತಾರೆ. ಅದು ಚರ್ಮ, ಕಣ್ಣು ಸುಡುವ ರಾಸಾಯನಿಕ, ಮನೆಯಲ್ಲಿ ಪ್ರಯತ್ನಿಸಬೇಡಿ. ಹೋಲಿಸಲು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಭಾರತದ ಗುಲಗಂಜಿ ಹುಳುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಒಂದೇ ಜಾತಿಯ ಹಲವು ರೂಪಗಳನ್ನು ಪಕ್ಕಪಕ್ಕದಲ್ಲಿ ತೋರಿಸುವುದರಿಂದ ವಿದೇಶಿ ಪುಸ್ತಕಗಳಿಗಿಂತ ನಮಗೆ ಹೆಚ್ಚು ಉಪಯೋಗ.

ಡಬ್ಬಿಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಊರು, ತಾಲ್ಲೂಕು, ದಿನಾಂಕ, ಯಾವ ಗಿಡ, ಗಿಡದ ಮೇಲೆ ಏನು ತಿನ್ನುತ್ತಿತ್ತು, ಜೀವಂತವಿದ್ದಾಗ ನೆಲದ ಬಣ್ಣ ಯಾವುದು, ಇಷ್ಟು ಇರಲಿ. ಚಿತ್ರದ ಫೈಲಿಗೂ ಡಬ್ಬಿಗೂ ಒಂದೇ ಸಂಖ್ಯೆ ಕೊಡಿ. ಜಾತಿ ಖಚಿತವಾಗದಿದ್ದರೆ ಕುಲದ ಹೆಸರು ಬರೆದು, ಯಾವ ಲಕ್ಷಣ ನೋಡಲು ಆಗಲಿಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿ: “ಹೊಟ್ಟೆಯ ಚಿತ್ರ ಇಲ್ಲ”, “ಎಳೆಯ ಹುಳು, ಬಣ್ಣ ಬಂದಿಲ್ಲ”. ಮುಂದೆ ನೋಡುವವರಿಗೆ ತಪ್ಪು ಹೆಸರಿಗಿಂತ ಈ ಎರಡು ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.